ಮಗು ವಿಮಾನ ಹತ್ತುವ ಮುನ್ನ

ಭಾರತದ ಮಗುವೊಂದು ದತ್ತು ಹೋಗಿ ವಿದೇಶದ ಮನೆ ಸೇರಬೇಕಾದರೆ ಏನೇನು ಆಗಬೇಕು ಗೊತ್ತಾ?

1982ರಲ್ಲಿ ವಕೀಲ ಲಕ್ಷ್ಮೀಕಾಂತ್ ಪಾಂಡೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ವಿದೇಶಿ ದತ್ತಿನ ಹೆಸರಲ್ಲಿ ನಡೆಯುವ ಅಕ್ರಮಗಳ ಬಗ್ಗೆ ದೂರು. ಕೋರ್ಟು ಅದನ್ನೇ ಅರ್ಜಿಯಾಗಿ ತೆಗೆದುಕೊಂಡಿತು. 1984ರ ತೀರ್ಪು ಹೇಳಿದ್ದು ಇಷ್ಟು: ಮೊದಲು ದೇಶದೊಳಗೇ ಮನೆ ಹುಡುಕಿ, ಸಿಗದಿದ್ದರೆ ಹೊರಗೆ.

ಈಗ ವಿದೇಶಿ ದತ್ತಿನ ಹೊಣೆ ಕೇಂದ್ರದ ದತ್ತು ಪ್ರಾಧಿಕಾರ, ಅಂದರೆ ‘ಕಾರಾ’ದ್ದು. ದತ್ತು ಪಡೆಯುವ ದಂಪತಿಯ ಮನೆ, ಆದಾಯ, ಆರೋಗ್ಯದ ಬಗ್ಗೆ ಅವರ ದೇಶದ ಮಾನ್ಯತೆ ಪಡೆದ ಸಂಸ್ಥೆ ವರದಿ ಕೊಡಬೇಕು. ಆಮೇಲೆ ಕಾರಾದ ನಿರಾಕ್ಷೇಪಣಾ ಪತ್ರ, ಜಿಲ್ಲಾಧಿಕಾರಿಯ ಆದೇಶ, ಪಾಸ್‌ಪೋರ್ಟ್, ವೀಸಾ. ಹೆತ್ತವರೇ ಮಗುವನ್ನು ಒಪ್ಪಿಸಿದ್ದರೆ, ಮನಸ್ಸು ಬದಲಿಸಲು ಅವರಿಗೆ 60 ದಿನ ಇರುತ್ತೆ. ಕಾಯೋದು ಕಷ್ಟ, ನಿಜ. ಆದರೆ ಆ 60 ದಿನ ಒಬ್ಬ ತಾಯಿಯ ಹಕ್ಕು. ಅದನ್ನು ವಿಳಂಬ ಅನ್ನಬೇಡಿ.

ಇನ್ನು ಮಗುವಿನ ಕಡೆಯಿಂದ ನೋಡಿ. ಕರ್ನಾಟಕದ ದತ್ತು ಕೇಂದ್ರದಲ್ಲಿ ಬೆಳೆದ ನಾಲ್ಕು ವರ್ಷದ ಮಗುವಿಗೆ ಹಸಿವಾದರೆ ಕೇಳೋದು ಕನ್ನಡದಲ್ಲೇ. ‘ನೀರು ಬೇಕಾ? ನೋವಾಗ್ತಿದೆಯಾ?’ ದತ್ತು ಪಡೆಯುವವರೇ, ಇಷ್ಟನ್ನಾದರೂ ಕಲಿತು ಬನ್ನಿ. ಅನ್ನ ಸಾರು ಮಾಡೋಕೆ ಕಲಿಯಿರಿ. ಕೇಂದ್ರದಲ್ಲಿ ನೋಡಿಕೊಂಡ ಆಯಾಗಾಗಿ ಮಗು ರಾತ್ರಿಯಿಡೀ ಅತ್ತರೆ ಅಳಲು ಬಿಡಿ, ಪಕ್ಕದಲ್ಲೇ ಇರಿ. ನಿಮ್ಮನ್ನು ಒಪ್ಪಲಿಲ್ಲ ಅಂತಲ್ಲ, ಅದು ಪ್ರೀತಿಸಿದವರನ್ನು ಕಳೆದುಕೊಂಡಿದೆ.

ಮನೆ ಸೇರಿದ ಮೇಲೂ ಎರಡು ವರ್ಷ ಮಗು ಹೇಗಿದೆ ಅಂತ ವರದಿ ಕಳಿಸಬೇಕು. ಮುಂದೆ ಅದು ತನ್ನ ಮೂಲ ಹುಡುಕಲು ಬಯಸಿದರೆ, ನಿಯಮದಲ್ಲಿ ಅದಕ್ಕೂ ದಾರಿಯಿದೆ. ಹಾಗಾಗಿ ದತ್ತು ಕೇಂದ್ರ ಕೊಟ್ಟ ಪ್ರತಿ ಕಾಗದ, ಪ್ರತಿ ಫೋಟೊ ಜೋಪಾನವಾಗಿಡಿ.