ರಬ್ಬರ್ ಧಾರಣೆ, ಆಸಿಯಾನ್ ಒಪ್ಪಂದ ಮತ್ತು ಕೇರಳದ ಮತದಾರ

ವಿದೇಶಿ ವ್ಯಾಪಾರ ಒಪ್ಪಂದವೊಂದು ಲೋಕಸಭಾ ಚುನಾವಣೆಯಲ್ಲಿ ಮತದಾರನ ಮನಸ್ಸನ್ನು ತಿರುಗಿಸಬಲ್ಲದೇ ಎಂಬ ಪ್ರಶ್ನೆ ದೇಶದ ಬಹುಪಾಲು ಕಡೆಗಳಲ್ಲಿ ಅರ್ಥಶಾಸ್ತ್ರಜ್ಞರ ಗೋಷ್ಠಿಗಳಿಗೆ ಸೀಮಿತವಾದದ್ದು. ಆದರೆ ಕೇರಳದಲ್ಲಿ, ಮತ್ತು ಕೇರಳಕ್ಕೆ ಹೊಂದಿಕೊಂಡ ಕರಾವಳಿಯ ಅಡಿಕೆ ಸೀಮೆಯಲ್ಲಿ, ಆಮದು ಸುಂಕವು ಹಳ್ಳಿಯ ಚಹಾದಂಗಡಿಯಲ್ಲೂ ಮಾತಿಗೆ ಬರುತ್ತದೆ. ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. ನೆಲದಲ್ಲಿ ಏನನ್ನು ಬೆಳೆಯಬೇಕು ಎಂಬ ತೀರ್ಮಾನ ಅರ್ಧ ಶತಮಾನದಲ್ಲಿ ಬದಲಾದ ರೀತಿಯೇ ಅದರ ಬುಡದಲ್ಲಿದೆ.

ತಿರುವನಂತಪುರ ನಗರದ ಉತ್ತರ ಅಂಚಿನ ಶ್ರೀಕಾರ್ಯಂನಲ್ಲಿ 1963ರಲ್ಲಿ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಸ್ಥಾಪನೆಯಾದಾಗ ಮರಗೆಣಸು ಕೇರಳದ ಬಡವರ ಎರಡನೆಯ ಅನ್ನವಾಗಿತ್ತು. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಪ್ರೋತ್ಸಾಹಿಸಿದ ಈ ಬೆಳೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ಜನರ ಹೊಟ್ಟೆ ಕಾಯ್ದಿತ್ತು. ಶ್ರೀಕಾರ್ಯಂನ ಸಂಸ್ಥೆ ‘ಶ್ರೀವಿಶಾಖಂ’, ‘ಶ್ರೀಸಹ್ಯ’, ‘ಶ್ರೀಪ್ರಕಾಶ್’ ಎಂದು ಒಂದೊಂದಾಗಿ ಹೊಸ ತಳಿಗಳನ್ನು ಹೊರತರುತ್ತಿದ್ದಂತೆಯೇ ಹೊರಗಿನ ಹೊಲಗಳಲ್ಲಿ ಬೇರೊಂದು ಕತೆ ನಡೆಯಿತು: 1970ರ ದಶಕದ ನಡುವೆ ಮೂರು ಲಕ್ಷ ಹೆಕ್ಟೇರ್‌ಗೂ ಹೆಚ್ಚಿದ್ದ ಮರಗೆಣಸಿನ ಪ್ರದೇಶ ಮುಂದಿನ ದಶಕಗಳಲ್ಲಿ ಕುಗ್ಗುತ್ತಾ ಬಂದು, ಅದರ ಬಹುಪಾಲು ಜಾಗಕ್ಕೆ ರಬ್ಬರ್ ಗಿಡ ಬಂತು. ಮರಗೆಣಸು ಬೆಳೆದವನು ಬೆಲೆ ಬಿದ್ದರೆ ಬೇಯಿಸಿ ತಿನ್ನಬಹುದು. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ, ಶೀಟ್ ಮಾಡಿ, ಹೊಗೆಗೂಡಿನಲ್ಲಿ ಒಣಗಿಸಿಟ್ಟವನಿಗೆ ಮಾರುವುದರ ಹೊರತು ಬೇರೆ ದಾರಿಯಿಲ್ಲ. ಭಾರತದ ರಬ್ಬರ್ ತೋಟಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸಣ್ಣ ಹಿಡುವಳಿದಾರರದ್ದಾಗಿರುವುದರಿಂದ, ಅದರಲ್ಲೂ ಕೇರಳದ ಸರಾಸರಿ ತೋಟ ಅರ್ಧ ಹೆಕ್ಟೇರ್‌ನಷ್ಟೇ ಇರುವುದರಿಂದ, ಧಾರಣೆಯ ಏರಿಳಿತ ಕಂಪನಿಯ ಲೆಕ್ಕಪುಸ್ತಕದಲ್ಲಿ ನಿಲ್ಲದೆ ಲಕ್ಷಾಂತರ ಮತದಾರರ ಮನೆಗೆ ನೇರವಾಗಿ ಹೊಕ್ಕಿತು. ಒಪ್ಪಂದಗಳ ರಾಜಕೀಯಕ್ಕೆ ಬೇಕಾದ ನೆಲ ಒಪ್ಪಂದಗಳಿಗಿಂತ ಮೊದಲೇ ಹದವಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಇಪ್ಪತ್ತನೆಯ ಶತಮಾನದ ಕೊನೆಗೆ. ಭಾರತ ಮತ್ತು ಶ್ರೀಲಂಕಾ 1998ರ ಡಿಸೆಂಬರ್‌ನಲ್ಲಿ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದ, ಎಂದರೆ ಎರಡು ದೇಶಗಳು ಪರಸ್ಪರರ ಸರಕಿನ ಮೇಲಿನ ಸುಂಕವನ್ನು ಹಂತಹಂತವಾಗಿ ಇಳಿಸುವ ಒಡಂಬಡಿಕೆ, 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅದರ ಬೆನ್ನಿಗೇ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪಿಗೆ ತಲೆಬಾಗಿ ಭಾರತ 2000 ಮತ್ತು 2001ರ ಏಪ್ರಿಲ್ 1ರಂದು ಎರಡು ಕಂತಿನಲ್ಲಿ 1,400ಕ್ಕೂ ಹೆಚ್ಚು ಸರಕುಗಳ ಆಮದಿನ ಪರಿಮಾಣ ನಿರ್ಬಂಧಗಳನ್ನು ತೆಗೆದುಹಾಕಿತು. ಅದೇ ವರ್ಷಗಳಲ್ಲಿ ವಿಯೆಟ್ನಾಂ ಕರಿಮೆಣಸಿನ ಬೆಳೆಯಲ್ಲಿ ದಾಪುಗಾಲು ಹಾಕಿ ಜಾಗತಿಕ ಬೆಲೆ ಕುಸಿದುದರಿಂದ, ಕೊಚ್ಚಿಯ ಮಟ್ಟಾಂಚೇರಿ ಮಾರುಕಟ್ಟೆಯಲ್ಲಿ ಮೆಣಸಿನ ಧಾರಣೆ ಅರ್ಧಕ್ಕಿಂತ ಕೆಳಗಿಳಿಯಿತು. ಅಡಿಕೆಯೂ ತೆಂಗೂ ಜೊತೆಯಲ್ಲೇ ಸೊರಗಿದವು. ವಯನಾಡಿನ ರೈತರ ಆತ್ಮಹತ್ಯೆಗಳು ದೇಶದ ಸುದ್ದಿಯಾದವು. ಬಿದ್ದ ಬೆಲೆಯಲ್ಲಿ ವಿಯೆಟ್ನಾಂನ ಪಾಲೆಷ್ಟು, ಕೊಲಂಬೊ ದಾರಿಯ ಸರಕಿನ ಪಾಲೆಷ್ಟು ಎಂದು ಬಿಡಿಸಿ ನೋಡುವ ತಾಳ್ಮೆ ಬೆಳೆಗಾರನಿಗೆ ಇರಬೇಕಿರಲಿಲ್ಲ. ಒಪ್ಪಂದ ಬಂತು, ಬೆಲೆ ಹೋಯಿತು ಎಂಬಷ್ಟೇ ನೆನಪು ಉಳಿಯಿತು.

2004ರ ಲೋಕಸಭಾ ಚುನಾವಣೆಯಲ್ಲಿ ಕೇರಳದ 20 ಸ್ಥಾನಗಳಲ್ಲಿ ಸಿಪಿಎಂ ನೇತೃತ್ವದ ಎಡರಂಗ 18ನ್ನು ಗೆದ್ದು ಕಾಂಗ್ರೆಸ್ ಒಂದೂ ಇಲ್ಲದೆ ಬರಿಗೈಯಾಯಿತು. ಇದರಲ್ಲಿ ಕೃಷಿ ಬಿಕ್ಕಟ್ಟಿನ ಪಾಲಿದ್ದುದು ನಿಜವಾದರೂ, ಗಮನಿಸಬೇಕಾದ ಸಂಗತಿ ಬೇರೆಯದು: ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದ್ದು ದೆಹಲಿಯ ವಾಜಪೇಯಿ ಸರಕಾರ, ಶಿಕ್ಷೆ ಬಿದ್ದದ್ದು ತಿರುವನಂತಪುರದಲ್ಲಿ ಅಧಿಕಾರದಲ್ಲಿದ್ದ ಎ.ಕೆ. ಆಂಟನಿಯವರ ಪಕ್ಷಕ್ಕೆ. ಮತದಾರ ಕಳೆದ ವರ್ಷಗಳ ಕಷ್ಟಸುಖವನ್ನು ಅಳೆದು ಆಳುವವರಿಗೆ ಅಂಕ ಕೊಡುತ್ತಾನೆ ಎನ್ನುವುದನ್ನು ರಾಜ್ಯಶಾಸ್ತ್ರದಲ್ಲಿ ಹಿನ್ನೋಟದ ಮತದಾನ ಎನ್ನುತ್ತಾರೆ. ಅಂಕ ಯಾರ ಉತ್ತರಪತ್ರಿಕೆಯ ಮೇಲೆ ಬೀಳುತ್ತದೆ ಎನ್ನುವುದು ಮಾತ್ರ, ಕಣ್ಣೆದುರಿಗೆ ಯಾರ ಸರಕಾರವಿದೆ ಎನ್ನುವುದರ ಮೇಲೆ ನಿಂತಿರುತ್ತದೆ.

ಆಗ ಆಗ್ನೇಯ ಏಷ್ಯಾದ ಹತ್ತು ದೇಶಗಳ ಕೂಟವಾಗಿದ್ದ ಆಸಿಯಾನ್ ಜೊತೆಗಿನ ಒಪ್ಪಂದದ ಜಾತಕವನ್ನು ನೋಡಿದರೆ ಈ ಹೊಣೆಗಾರಿಕೆಯ ಗೊಂದಲ ಇನ್ನೂ ಸ್ಪಷ್ಟವಾಗುತ್ತದೆ. ಅದರ ಚೌಕಟ್ಟಿಗೆ 2003ರ ಅಕ್ಟೋಬರ್‌ನಲ್ಲಿ ಬಾಲಿಯಲ್ಲಿ ಒಪ್ಪಿಗೆ ಬಿದ್ದದ್ದು ಎನ್‌ಡಿಎ ಕಾಲದಲ್ಲಿ. ಮಾತುಕತೆ ನಡೆದು 2008ರ ಆಗಸ್ಟ್‌ನಲ್ಲಿ ಮುಗಿದದ್ದು ಯುಪಿಎ ಕಾಲದಲ್ಲಿ. ಆ ಮಾತುಕತೆಯ ಬಹುಪಾಲು ಅವಧಿಯಲ್ಲಿ, 2008ರ ಜುಲೈವರೆಗೆ, ಯುಪಿಎ ಸರಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿದ್ದವು ಎಡಪಕ್ಷಗಳೇ. 2008ರ ಕೊನೆಗೆ ಆಗಬೇಕಿದ್ದ ಸಹಿ ಥಾಯ್ಲೆಂಡಿನ ರಾಜಕೀಯ ಗಲಭೆಯಿಂದ ಮುಂದಕ್ಕೆ ಹೋಯಿತು. ಈ ನಡುವೆ, 2009ರ ಏಪ್ರಿಲ್ 16ರಂದು ಕೇರಳ ಮತ ಹಾಕಿತು. ಒಪ್ಪಂದದ ಕರಡು ಸಿದ್ಧವಾಗಿದ್ದು ಸಹಿ ಮಾತ್ರ ಬಾಕಿಯಿದ್ದ ಆ ಹೊತ್ತು, ಮತದಾರ ಬೇಕು ಬೇಡವೆನ್ನಲು ಇದಕ್ಕಿಂತ ಸರಿಯಾದ ಮುಹೂರ್ತ ಇನ್ನೊಂದಿರಲಿಲ್ಲ. ಆದರೆ ಎಡರಂಗದ ಒಳಜಗಳ ಮತ್ತು ಕೇರಳದ ಪಿಡಿಪಿ ಪಕ್ಷದ ಜೊತೆಗಿನ ಅದರ ನಂಟುಗಳು ಪ್ರಚಾರವನ್ನು ಆವರಿಸಿಕೊಂಡು, ಕಾಂಗ್ರೆಸ್ ನೇತೃತ್ವದ ಐಕ್ಯರಂಗ 16 ಸ್ಥಾನ ಗೆದ್ದಿತು. ಶ್ರೀಕಾರ್ಯಂ ಸೇರಿದ ತಿರುವನಂತಪುರದಿಂದ ಶಶಿ ತರೂರ್ ಮೊದಲ ಬಾರಿಗೆ ಲೋಕಸಭೆಗೆ ಹೋದರು. ಆಗಸ್ಟ್ 13ರಂದು ಬ್ಯಾಂಕಾಕಿನಲ್ಲಿ ಸಹಿ ಬಿತ್ತು. 2010ರ ಜನವರಿ 1ರಿಂದ ಒಪ್ಪಂದ ಜಾರಿಗೆ ಬಂತು.

ಕೆನಡಾದಲ್ಲಿ 1988ರ ನವೆಂಬರ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಮೆರಿಕದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಅಲ್ಲಿನ ಮೇಲ್ಮನೆ ಅಡ್ಡಗಾಲು ಹಾಕಿದ್ದರಿಂದ ಪ್ರಧಾನಿ ಬ್ರಯನ್ ಮಲ್ರೋನಿ ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಜನರ ಬಳಿಗೆ ಹೋದರು. ಒಪ್ಪಂದವನ್ನು ವಿರೋಧಿಸಿದ ಎರಡು ಪಕ್ಷಗಳು ಕೂಡಿ ಅರ್ಧಕ್ಕಿಂತ ಹೆಚ್ಚು ಮತ ಪಡೆದರೂ, ವಿರೋಧದ ಮತ ಒಡೆದುಹೋದ್ದರಿಂದ ಶೇಕಡ 43ರಷ್ಟು ಮತದಲ್ಲೇ ಮಲ್ರೋನಿ ಬಹುಮತ ಗಳಿಸಿದರು. ಭಾರತದಲ್ಲಿ ಅಂಥ ಅಡ್ಡಗಾಲಿಗೆ ಅವಕಾಶವಿಲ್ಲ, ಏಕೆಂದರೆ ವಿದೇಶಿ ಒಪ್ಪಂದಕ್ಕೆ ಸಂಸತ್ತಿನ ಅನುಮೋದನೆ ಕಡ್ಡಾಯವಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 14ನೆಯ ನಮೂದು ವಿದೇಶಿ ಒಪ್ಪಂದಗಳದ್ದು, ರಾಜ್ಯ ಪಟ್ಟಿಯ 14ನೆಯ ನಮೂದು ಕೃಷಿಯದ್ದು. ಸಂಖ್ಯೆ ಒಂದೇ ಆದದ್ದು ಆಕಸ್ಮಿಕವಾದರೂ, ಬೆಳೆ ರಾಜ್ಯದ ಹೊಣೆ, ಬೆಳೆಯ ಬೆಲೆಯನ್ನು ಅಲುಗಾಡಿಸುವ ಸಹಿ ಕೇಂದ್ರದ ಹಕ್ಕು ಎಂಬ ಪೇಚು ಆಕಸ್ಮಿಕವಲ್ಲ. ಕೇರಳದ ಪ್ರತಿಭಟನೆ ಶಾಸನಸಭೆಗಿಂತ ಬೀದಿಯಲ್ಲಿ ಜೋರಾಗಿ ಕಂಡದ್ದಕ್ಕೆ ಇದೂ ಒಂದು ಕಾರಣ.

ಆ ಬೀದಿಯ ಪ್ರತಿಭಟನೆಯ ತುತ್ತತುದಿ 2009ರ ಅಕ್ಟೋಬರ್ 2. ಅಂದು ಸಿಪಿಎಂ ನೇತೃತ್ವದಲ್ಲಿ ಉತ್ತರದ ಕಾಸರಗೋಡಿನಿಂದ ದಕ್ಷಿಣದ ತಿರುವನಂತಪುರದವರೆಗೆ ಹೆದ್ದಾರಿಯುದ್ದಕ್ಕೂ ಮಾನವ ಸರಪಳಿ ಕಟ್ಟಲಾಯಿತು. ಸುಂಕದ ಒಪ್ಪಂದವೊಂದರ ವಿರುದ್ಧ ಒಂದು ಇಡೀ ರಾಜ್ಯದ ಉದ್ದವನ್ನೇ ಅಳೆದ ಇಂಥ ಪ್ರದರ್ಶನ ದೇಶದಲ್ಲಿ ಅಪರೂಪ. ತಿಂಗಳೊಂದು ಕಳೆದು, ನವೆಂಬರ್‌ನಲ್ಲಿ ಕಣ್ಣೂರು, ಆಲಪ್ಪುಳ ಮತ್ತು ಎರ್ನಾಕುಳಂ ವಿಧಾನಸಭಾ ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಮೂರನ್ನೂ ಕಾಂಗ್ರೆಸ್ ಉಳಿಸಿಕೊಂಡಿತು. ಮೂರೂ ಮೊದಲಿನಿಂದ ಅದರದ್ದೇ ಕ್ಷೇತ್ರಗಳು ಎನ್ನುವುದನ್ನು ನ್ಯಾಯಕ್ಕಾಗಿ ಹೇಳಬೇಕಾದರೂ, ಸರಪಳಿಯಲ್ಲಿ ಕೈ ಹಿಡಿದ ಜನ ಮತಯಂತ್ರದ ಗುಂಡಿಯನ್ನು ಹಳೆಯ ಲೆಕ್ಕದಂತೆಯೇ ಒತ್ತಿದರು ಎನ್ನುವುದು ಸ್ಪಷ್ಟ.

ಹೀಗೇಕಾಯಿತು ಎಂಬುದಕ್ಕೆ ಉತ್ತರ ಒಪ್ಪಂದದ ಅನುಬಂಧಗಳಲ್ಲೂ ಕೊಟ್ಟಾಯಂ ಪೇಟೆಯ ದರಪಟ್ಟಿಯಲ್ಲೂ ಹಂಚಿಹೋಗಿದೆ. ಸುಂಕ ಇಳಿಸಬೇಕಾಗಿಲ್ಲದ 489 ಸರಕುಗಳನ್ನು ಭಾರತ ಹೊರಗಿಟ್ಟ ಪಟ್ಟಿಗೆ ಸೇರಿಸಿತ್ತು. ಸಹಜ ರಬ್ಬರ್ ಅದರಲ್ಲಿತ್ತು. ಕರಿಮೆಣಸು, ಚಹಾ, ಕಾಫಿ ಮತ್ತು ತಾಳೆ ಎಣ್ಣೆ ವಿಶೇಷ ಸರಕುಗಳಾಗಿ, ಅವುಗಳ ಸುಂಕ ಹತ್ತು ವರ್ಷಗಳಲ್ಲಿ ನಿಧಾನವಾಗಿ ಇಳಿಯುವಂತೆ ಗೊತ್ತುಮಾಡಲಾಗಿತ್ತು: 2019ರ ಕೊನೆಗೆ ಮೆಣಸಿಗೆ ಶೇಕಡ 50, ಚಹಾ ಮತ್ತು ಕಾಫಿಗೆ 45, ಕಚ್ಚಾ ತಾಳೆ ಎಣ್ಣೆಗೆ 37.5. ಹತ್ತು ವರ್ಷವೆಂದರೆ ಎರಡು ಲೋಕಸಭೆಗಳ ಆಯುಸ್ಸು. ಇಷ್ಟು ಮೆಲ್ಲಗೆ ಇಳಿಯುವ ಸುಂಕದ ಬಿಸಿ ಯಾವ ಒಂದು ಚುನಾವಣೆಗೂ ಪೂರ್ತಿಯಾಗಿ ತಟ್ಟುವುದಿಲ್ಲ. ತಾಳೆ ಎಣ್ಣೆಯ ವಿಷಯವಂತೂ ಇನ್ನೂ ವಿಚಿತ್ರ. ಬೆಲೆಯೇರಿಕೆಗೆ ಹೆದರಿ ಕೇಂದ್ರ ಸರಕಾರ 2008ರಲ್ಲಿ ಕಚ್ಚಾ ಖಾದ್ಯತೈಲಗಳ ಸುಂಕವನ್ನು ತಾನಾಗಿಯೇ ಸೊನ್ನೆಗೆ ಇಳಿಸಿದ್ದರಿಂದ, ಒಪ್ಪಂದದ 37.5ರ ಮಿತಿ ಆಗ ಬರೀ ಕಾಗದದ ಮೇಲಿನ ಅಂಕಿಯಾಗಿತ್ತು. ತೆಂಗು ಬೆಳೆಗಾರರನ್ನು ಸಮಾಧಾನಪಡಿಸಲು 2007ರಲ್ಲಿ ಕೇರಳದ ಬಂದರುಗಳ ಮೂಲಕ ತಾಳೆ ಎಣ್ಣೆ ಆಮದನ್ನು ನಿಷೇಧಿಸಿದಾಗ, ನೆರೆರಾಜ್ಯಗಳ ಬಂದರುಗಳಲ್ಲಿ ಇಳಿದು ಟ್ಯಾಂಕರ್ ಲಾರಿಯಲ್ಲಿ ಬರುವ ಎಣ್ಣೆಯನ್ನು ತಡೆಯಲು ಯಾವ ಉಪಾಯವೂ ಇರಲಿಲ್ಲ.

ರಬ್ಬರಿನ ದರ ಮಾತ್ರ ಎಲ್ಲರ ಲೆಕ್ಕಾಚಾರವನ್ನು ತಲೆಕೆಳಗು ಮಾಡಿತು. ಸಹಿ ಬಿದ್ದ ಹೊತ್ತಿನಲ್ಲಿ ಕಿಲೋಗೆ ನೂರು ರೂಪಾಯಿಯ ಆಸುಪಾಸಿನಲ್ಲಿದ್ದ ನಾಲ್ಕನೆಯ ದರ್ಜೆಯ ಹೊಗೆಶೀಟ್, ವ್ಯಾಪಾರಿಗಳ ಬಾಯಲ್ಲಿ ಆರ್‌ಎಸ್‌ಎಸ್-4, 2011ರ ಏಪ್ರಿಲ್‌ನಲ್ಲಿ 240 ರೂಪಾಯಿ ದಾಟಿ ದಾಖಲೆ ಬರೆಯಿತು. ಅದೇ ಏಪ್ರಿಲ್ 13ರಂದು ವಿಧಾನಸಭಾ ಚುನಾವಣೆ ನಡೆದು ಐಕ್ಯರಂಗ 72–68ರ ಕೂದಲೆಳೆಯ ಅಂತರದಿಂದ ಗೆದ್ದಿತು. ಒಪ್ಪಂದದಿಂದ ರಬ್ಬರ್ ಕೃಷಿ ನೆಲಕಚ್ಚುತ್ತದೆ ಎಂಬ ಎಚ್ಚರಿಕೆ, ಹಾಲು ತೆಗೆದಷ್ಟೂ ಹಣ ಬರುತ್ತಿದ್ದ ಆ ವರ್ಷಗಳಲ್ಲಿ ಯಾರ ಕಿವಿಗೂ ಬೀಳುವಂತಿರಲಿಲ್ಲ. ಮುಂದೆ ಚೀನಾದ ಬೇಡಿಕೆ ತಗ್ಗಿ, ಕಚ್ಚಾ ತೈಲದ ಬೆಲೆ ಕುಸಿದು ಕೃತಕ ರಬ್ಬರ್ ಅಗ್ಗವಾಗಿ, ಥಾಯ್ಲೆಂಡ್ ವಿಯೆಟ್ನಾಂಗಳಲ್ಲಿ ಹೊಸದಾಗಿ ನೆಟ್ಟ ಮರಗಳು ಹಾಲು ಕೊಡಲು ಶುರುಮಾಡಿದಾಗ ಧಾರಣೆ ಇಳಿಯುತ್ತಾ ಹೋಗಿ 2016ರ ಫೆಬ್ರವರಿಯಲ್ಲಿ ನೂರಕ್ಕಿಂತ ಕೆಳಗೆ ಬಂತು. ಆಗ ಎಲ್ಲರಿಗೂ ಆಸಿಯಾನ್ ನೆನಪಾಯಿತು.

ರಬ್ಬರ್ ಹೊರಗಿಟ್ಟ ಪಟ್ಟಿಯಲ್ಲಿದೆ ಎಂದು ಒಪ್ಪಂದದ ಸಮರ್ಥಕರು ಕಾಗದ ತೋರಿಸಿದರು. ಕಾಗದದ ಮಟ್ಟಿಗೆ ಅವರ ಮಾತು ಸರಿ. ಆದರೆ ಸಹಜ ರಬ್ಬರಿಗೆ ಇಂಗಾಲದ ಪುಡಿ ಮತ್ತಿತರ ರಾಸಾಯನಿಕಗಳನ್ನು ಬೆರೆಸಿದ ಮಿಶ್ರ ರಬ್ಬರ್ ಸುಂಕದ ಪಟ್ಟಿಯಲ್ಲಿ ಬೇರೆಯೇ ಸರಕು. ಅದು ಆಸಿಯಾನ್ ದೇಶಗಳಿಂದ ಅಗ್ಗದ ಸುಂಕದಲ್ಲಿ ಒಳಬರುತ್ತದೆ. 2023ರ ಕೇಂದ್ರ ಬಜೆಟ್ ಮಿಶ್ರ ರಬ್ಬರಿನ ಸಾಮಾನ್ಯ ಸುಂಕವನ್ನು ಶೇಕಡ 10ರಿಂದ 25ಕ್ಕೆ, ಅಥವಾ ಕಿಲೋಗೆ 30 ರೂಪಾಯಿಗೆ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ, ಏರಿಸಿದಾಗಲೂ ಒಪ್ಪಂದದ ದೇಶಗಳಿಂದ ಬರುವ ಸರಕಿಗೆ ಆ ಏರಿಕೆ ತಗುಲಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾದ ಈ ವ್ಯವಸ್ಥೆಯನ್ನು 2009ರ ಪ್ರತಿಭಟನೆಕಾರರು ಕೂಡ ಇಷ್ಟು ಸೂಕ್ಷ್ಮವಾಗಿ ಎತ್ತಿ ಆಡಿರಲಿಲ್ಲ.

ಕಾಸರಗೋಡಿನ ಕನ್ನಡ ಸೀಮೆಯಲ್ಲಿ ರಬ್ಬರಿನ ಈ ಪಾತ್ರವನ್ನು ಅಡಿಕೆ ವಹಿಸುತ್ತದೆ. 1970ರ ಆಸುಪಾಸಿನ ಬೆಲೆ ಕುಸಿತದ ನಂತರ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆಯಾದ್ದರಿಂದ, ಬದಿಯಡ್ಕ, ಪೆರ್ಲದ ಬೆಳೆಗಾರ ಮತ ಹಾಕುವುದು ಕೇರಳದಲ್ಲಾದರೂ ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟುಗಳ ಧಾರಣೆಯನ್ನು ನೋಡುವುದು ಮಂಗಳೂರಿನ ಪತ್ರಿಕೆಗಳಲ್ಲಿ. ಅಡಿಕೆಗೆ ಶೇಕಡ 100ರ ಸುಂಕವಿದ್ದರೂ ನೆರೆದೇಶಗಳ ಒಪ್ಪಂದಗಳ ದಾರಿಯಲ್ಲಿ ಸುಂಕವಿಲ್ಲದೆ ಬರುವ ಸರಕು ಹಳೆಯ ತಲೆನೋವು. ಬೇರೆ ದೇಶದಲ್ಲಿ ಬೆಳೆದ ಅಡಿಕೆ ಶ್ರೀಲಂಕಾದ ಹೆಸರು ಹೊತ್ತು ಬರದಂತೆ ತಡೆಯಬೇಕಾದ ಮೂಲದೇಶ ನಿಯಮ, ಎಂದರೆ ಸರಕು ನಿಜವಾಗಿ ಎಲ್ಲಿ ಹುಟ್ಟಿತು ಎಂಬ ದೃಢೀಕರಣ, ಹಲವು ಸಲ ಹೆಸರಿಗಷ್ಟೇ ಉಳಿಯಿತು. ಇಂತಿಷ್ಟು ಬೆಲೆಗಿಂತ ಕಡಿಮೆಗೆ ತರಿಸಿಕೊಂಡ ಸರಕನ್ನು ಒಳಬಿಡದ ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರಕಾರ 2017ರಲ್ಲಿ ಕಿಲೋಗೆ 251 ರೂಪಾಯಿಗೂ 2023ರ ಫೆಬ್ರವರಿಯಲ್ಲಿ 351 ರೂಪಾಯಿಗೂ ಏರಿಸಿತು. ಎರಡನೆಯ ಏರಿಕೆ ಬಂದದ್ದು ಗೃಹಸಚಿವ ಅಮಿತ್ ಶಾ ಕ್ಯಾಂಪ್ಕೊದ ಸುವರ್ಣ ಮಹೋತ್ಸವಕ್ಕೆ ಪುತ್ತೂರಿಗೆ ಬಂದುಹೋದ ತಿಂಗಳಲ್ಲೇ, ಕರ್ನಾಟಕದ ವಿಧಾನಸಭಾ ಚುನಾವಣೆಗೆ ಮೂರೇ ತಿಂಗಳಿದ್ದಾಗ. ಅದಕ್ಕೂ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರ್‌ನಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಬಿಟ್ಟಿದ್ದೂ ಇದೇ ಸರಕಾರ. ಇಂಥ ಒಂದು ಅಧಿಸೂಚನೆ ಎಷ್ಟು ಮತ ತಂದಿತು, ಎಷ್ಟು ಕಳೆಯಿತು ಎಂದು ಹೇಳುವವರು ಕಾಸರಗೋಡು ಜಿಲ್ಲೆಯ ಮಂಜೇಶ್ವರ ವಿಧಾನಸಭಾ ಕ್ಷೇತ್ರವನ್ನು ನೆನೆಯಬೇಕು: 2016ರಲ್ಲಿ ಅಲ್ಲಿ ಬಿಜೆಪಿ ಸೋತದ್ದು 89 ಮತಗಳಿಂದ. ಅಷ್ಟು ಸಣ್ಣ ಅಂತರಕ್ಕೆ ಅಡಿಕೆ ದರವನ್ನೂ ಕಾರಣವೆನ್ನಬಹುದು, ಅಂದಿನ ಬಿಸಿಲನ್ನೂ ಕಾರಣವೆನ್ನಬಹುದು.

2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲೇ ಭಾರತ ಆರ್‌ಸಿಇಪಿ ಎಂಬ ಇನ್ನೂ ದೊಡ್ಡ ಪ್ರಾದೇಶಿಕ ಒಪ್ಪಂದದಿಂದ ಹಿಂದೆ ಸರಿದಾಗ ಕೇರಳದ ಎರಡೂ ರಂಗಗಳು ನಿಟ್ಟುಸಿರುಬಿಟ್ಟವು; ಚುನಾವಣೆ ಮುಗಿದು ಆರು ತಿಂಗಳೂ ಆಗಿರಲಿಲ್ಲವಾದ್ದರಿಂದ ಅದರ ಶ್ರೇಯಸ್ಸು ಯಾರಿಗೂ ಮತವಾಗಿ ದಕ್ಕಲಿಲ್ಲ. ಆ ಹೊತ್ತಿಗಾಗಲೇ ರಾಜಕೀಯದ ಭಾಷೆ ಒಪ್ಪಂದದಿಂದ ಕಿಲೋ ಲೆಕ್ಕಕ್ಕೆ ಹೊರಳಿತ್ತು. ಕೇರಳದ ಹಣಕಾಸು ಸಚಿವರಾಗಿದ್ದ ಕೆ.ಎಂ. ಮಾಣಿ 2015ರ ರಾಜ್ಯ ಬಜೆಟ್ಟಿನಲ್ಲಿ ರಬ್ಬರಿಗೆ 150 ರೂಪಾಯಿಯ ಬೆಂಬಲ ಬೆಲೆ ತಂದರು. ಅದು ಮುಂದೆ 170 ಆಯಿತು. 2021ರ ಪ್ರಣಾಳಿಕೆಯಲ್ಲಿ ಎಡರಂಗ 250ರ ಮಾತು ಕೊಟ್ಟಿತು. 2023ರ ಮಾರ್ಚ್‌ನಲ್ಲಿ ತಲಶ್ಶೇರಿಯ ಆರ್ಚ್‌ಬಿಷಪ್ ಜೋಸೆಫ್ ಪಾಂಪ್ಲಾನಿ ಕಣ್ಣೂರು ಜಿಲ್ಲೆಯ ಆಲಕ್ಕೋಡಿನ ರೈತ ಸಭೆಯಲ್ಲಿ, ಕೇಂದ್ರ ಸರಕಾರ ರಬ್ಬರನ್ನು 300 ರೂಪಾಯಿಗೆ ಕೊಳ್ಳುವುದಾದರೆ ಕೇರಳದಿಂದ ಬಿಜೆಪಿ ಸಂಸದನಿಲ್ಲವೆಂಬ ಕೊರತೆಯನ್ನು ನೀಗಿಸಿಕೊಡಬಹುದು ಎಂಬರ್ಥದ ಮಾತಾಡಿ ದೊಡ್ಡ ವಿವಾದ ಎಬ್ಬಿಸಿದರು. ಮತಕ್ಕೆ ಇಷ್ಟು ನೇರವಾಗಿ ದರ ನಿಗದಿಯಾದದ್ದನ್ನು ಕೇರಳ ಹಿಂದೆ ಕಂಡಿರಲಿಲ್ಲ.

2024ರ ಏಪ್ರಿಲ್ 26ರಂದು ಕೇರಳ ಮತ ಹಾಕಿದಾಗ 300 ದೂರದ ಮಾತಾಗಿಯೇ ಇತ್ತು. ಐಕ್ಯರಂಗ 18 ಸ್ಥಾನ ಗೆದ್ದಿತು, ಬಿಜೆಪಿಗೆ ರಾಜ್ಯದಿಂದ ಮೊದಲ ಲೋಕಸಭಾ ಸ್ಥಾನ ದಕ್ಕಿದ್ದು ಕೊಟ್ಟಾಯಂ, ಇಡುಕ್ಕಿಗಳಂಥ ರಬ್ಬರ್ ಸೀಮೆಯಲ್ಲಲ್ಲ, ತ್ರಿಶೂರಿನಲ್ಲಿ. ಮೂರು ತಿಂಗಳು ಕಳೆದು ಆಗಸ್ಟ್‌ನಲ್ಲಿ, ಮಳೆಯಿಂದ ರಬ್ಬರ್ ಹಾಲು ತೆಗೆಯುವ ಕೆಲಸ ನಿಂತು ಪೂರೈಕೆ ಕುಗ್ಗಿದ್ದರಿಂದ ಶೀಟ್ ರಬ್ಬರ್ 2011ರ ದಾಖಲೆಯನ್ನು ಮುರಿದು 247 ರೂಪಾಯಿ ತಲುಪಿತು. ಅದಕ್ಕಾಗಿ ಯಾವ ಒಪ್ಪಂದವನ್ನೂ ತಿದ್ದಿರಲಿಲ್ಲ.