ನಗುವನ್ನೂ ಚಪ್ಪಲಿ ಜೊತೆ ಹೊರಗೆ ಬಿಡಬೇಕಾ?

‘ಈ ನಾಟಿ ಕೋಳಿ ಇದೆಯಲ್ಲ, ವರ್ಷದಲ್ಲಿ ಒಂದು ಭಾನುವಾರವೂ ಆರಾಧನೆ ತಪ್ಪಿಸಿಲ್ಲ. ಚರ್ಚ್ ಹಿತ್ತಲಲ್ಲೇ ಇದ್ದು ಎಲ್ಲಾ ಪ್ರಸಂಗ ಕೇಳಿದೆ. ಕೊಳ್ಳೋರ ಬಗ್ಗೆ ಹಾಗೆ ಹೇಳೋಕಾಗಲ್ಲ. ಮುನ್ನೂರು ರೂಪಾಯಿ ಒಂದು ಸಲ!’

ಮಧುಗಿರಿ ತಾಲ್ಲೂಕಿನ ನಮ್ಮ ಪುಟ್ಟ ಚರ್ಚ್‌ನಲ್ಲಿ ಸುಗ್ಗಿ ಹಬ್ಬದ ಹರಾಜು ಶುರುವಾಗುವುದು ಹೀಗೆ. ರಾಗಿ, ಕಡಲೆಕಾಯಿ, ಹುಣಸೆಹಣ್ಣು, ಕೋಳಿ, ಮೊಟ್ಟೆ... ಯಾರ ಮನೆಯಲ್ಲಿ ಏನು ಬೆಳೆದಿದೆಯೋ ಅದನ್ನು ತಂದು ದೇವರಿಗೆ ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಎಲ್ಲವೂ ಹರಾಜಿಗೆ. ಕೂಗುವವರು ನಿವೃತ್ತ ಮೇಷ್ಟ್ರು. ಅಪ್ಪ ಮತ್ತು ಪಾವಗಡದ ಮಾವ ಒಂದೇ ಸಿಹಿಗುಂಬಳಕ್ಕೆ ಜಿದ್ದಿಗೆ ಬೀಳುತ್ತಾರೆ. ಮಾವ ಉತ್ಸಾಹ ಏರಿದಂತೆ ಕನ್ನಡ ಬಿಟ್ಟು ತೆಲುಗಿನಲ್ಲಿ ಬೆಲೆ ಕೂಗುತ್ತಾರೆ. ಗೆದ್ದವರು ಕುಂಬಳಕಾಯಿಯನ್ನು ವಾಪಸ್ ಕೊಡುತ್ತಾರೆ, ಅದು ಮತ್ತೆ ಹರಾಜಿಗೆ ಬರುತ್ತದೆ. ಸಭಾಪಾಲಕರಾದ ಅಯ್ಯನವರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಇದನ್ನು ಹೇಳಿದರೆ ಕಾಲೇಜಿನ ಗೆಳೆಯರು ನಂಬುವುದಿಲ್ಲ. ಪಾಪ, ಅವರು ಚರ್ಚ್ ನೋಡಿರುವುದು ಸಿನಿಮಾದಲ್ಲಿ. ಅಲ್ಲಿ ಮೇಣದಬತ್ತಿ, ಮಳೆ, ಕಪ್ಪು ಬಟ್ಟೆ, ಒಂದು ಶವಪೆಟ್ಟಿಗೆ!

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ 1.87ರಷ್ಟು. ನಮ್ಮ ಕಡೆ ಇನ್ನೂ ಕಡಿಮೆ. ಹಾಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯುವಜನರು ಸೇರಿದರೆ ಅದೊಂದು ದೊಡ್ಡ ಮನೆಯ ಮದುವೆ ಇದ್ದಂತೆ. ಕಾಲೆಳೆಯುವುದೇ ಮೊದಲ ಕಾರ್ಯಕ್ರಮ. ‘ಶಿರಾದವರು ಬಂದಿದ್ದಾರೆ, ಇವತ್ತು ಕೇಸರಿಬಾತ್ ಬೇಡ’ ಅಂತ ಒಬ್ಬ. ಯಾರಿಗಾದರೂ ತಲೆನೋವು ಬಂದರೆ, ಸಿದ್ಧರಬೆಟ್ಟದ ಸೊಪ್ಪು ತರಲು ಕೊರಟಗೆರೆಯವರಿಗೆ ಆರ್ಡರ್. ಪಾವಗಡದವರು ಬಿಸಿಲು ಹಿಡಿದು 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಾಡಿಕೊಂಡವರು, ಕರೆಂಟ್ ಹೋದರೆ ಬೈಗುಳ ಅವರಿಗೇ. ನಾವು ಮಧುಗಿರಿಯವರೋ, ನಮ್ಮ ಏಕಶಿಲಾ ಬೆಟ್ಟದ ಹಾಗೆ, ಹಟ ಹಿಡಿದರೆ ಅಲ್ಲಾಡುವುದಿಲ್ಲವಂತೆ.

ಆದರೆ ಎಲ್ಲರೂ ಎಲ್ಲರಿಗೂ ಗೊತ್ತಿರುವ ಕಡೆ ನಗುವಿಗೊಂದು ಅಪಾಯವೂ ಇದೆ. ಅದು ನನಗೆ ತಿಳಿದದ್ದು ಎರಡು ವರ್ಷದ ಹಿಂದಿನ ಕ್ರಿಸ್‌ಮಸ್‌ನಲ್ಲಿ.

ನಮ್ಮ ಸಭೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಶಾಲೆಗೆ ಹೋದವರಲ್ಲ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತರು. ಸರದಿ ಬಂದಾಗ ಸತ್ಯವೇದವನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾರೆ. ದಾನಿಯೇಲನ ಪುಸ್ತಕದಲ್ಲಿ ‘ನೆಬೂಕದ್ನೆಚ್ಚರ’ ಎಂಬ ರಾಜನ ಹೆಸರು ಬಂದರಂತೂ ಮೂರು ಕಡೆ ನಿಲ್ಲುತ್ತಾರೆ. ನಾನು ಕಿರುನಾಟಕದಲ್ಲಿ ಟವೆಲ್ ಹೊದ್ದು, ಕನ್ನಡಕ ಜಾರಿಸಿಕೊಂಡು ಅದನ್ನೇ ಮಾಡಿ ತೋರಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಅವರೂ ನಕ್ಕರು.

ಮುಂದಿನ ಭಾನುವಾರ ಓದುವ ಸರದಿ ಅವರದು. ‘ಕಣ್ಣು ಮಂಜು’ ಎಂದು ಪುಸ್ತಕವನ್ನು ಪಕ್ಕದವರ ಕೈಗೆ ಕೊಟ್ಟರು. ಅದರ ಮುಂದಿನ ಸರದಿಯಲ್ಲೂ ಅಷ್ಟೇ.

ಮನೆಯಲ್ಲಿ ಅಜ್ಜಿ ಬೈಯಲಿಲ್ಲ. ‘ಮೇಷ್ಟ್ರೂ ಹರಾಜಲ್ಲಿ ಎಲ್ಲರನ್ನೂ ಆಡಿಕೊಳ್ತಾರೆ. ಆದ್ರೆ ಮನೆಗೆ ಹೋಗೋವಾಗ ಎಲ್ಲರ ಕೈಲೂ ಏನಾದ್ರೂ ಇರುತ್ತೆ. ನೀನು ಅವನ ಕೈಲಿದ್ದ ಪುಸ್ತಕ ಕಿತ್ಕೊಂಡೆ ಕಣೋ’ ಅಂದರು.

ಫಸ್ಟ್ ಇಯರ್‌ನಲ್ಲಿ ಇಂಗ್ಲಿಷ್‌ನಲ್ಲಿ ಸೆಮಿನಾರ್ ಕೊಡುವಾಗ ನಾನೂ ತಡವರಿಸಿದ್ದೆ. ಹಿಂದಿನ ಬೆಂಚಿನವರು ಅದನ್ನು ಅಣಕಿಸಿದ ಮೇಲೆ ಆ ಸೆಮಿಸ್ಟರ್ ಪೂರ್ತಿ ಕೈ ಎತ್ತಿರಲಿಲ್ಲ. ಅದೇ ಗಾಯವನ್ನು ನಾನು ಅವರಿಗೆ ಮಾಡಿದ್ದೆ.

ಅಷ್ಟರಲ್ಲಿ ಸಭೆಯಲ್ಲಿ ಇನ್ನೊಂದು ಮಾತು ಎದ್ದಿತು: ‘ಈ ಕಿರುನಾಟಕ, ತಮಾಷೆ ಎಲ್ಲಾ ನಿಲ್ಲಿಸಿಬಿಡೋಣ. ಇದು ದೇವರ ಮನೆ.’ ತಪ್ಪು ನನ್ನದೇ ಆದರೂ ಇದನ್ನು ಒಪ್ಪಲಾಗಲಿಲ್ಲ. ಹಾಸ್ಯನಟರೇ ನಾಟಕ ಕಂಪನಿಯ ಯಜಮಾನರಾಗಿ ಮೆರೆದ ಜಿಲ್ಲೆ ನಮ್ಮದು, ಗುಬ್ಬಿ ವೀರಣ್ಣನವರ ಊರು. ಅದಿರಲಿ, ಸತ್ಯವೇದದಲ್ಲೇ ನೋಡಿ. ಅಬ್ರಹಾಮನಿಗೆ ನೂರು, ಸಾರಳಿಗೆ ತೊಂಬತ್ತು ವರ್ಷ ಆದಾಗ ಹುಟ್ಟಿದ ಮಗನ ಹೆಸರು ಇಸಾಕ. ಹೀಬ್ರೂ ಭಾಷೆಯಲ್ಲಿ ಅದರರ್ಥ ‘ಅವನು ನಗುತ್ತಾನೆ’. ತನ್ನ ಕಣ್ಣಲ್ಲಿ ತೊಲೆ ಇಟ್ಟುಕೊಂಡು ಇನ್ನೊಬ್ಬನ ಕಣ್ಣಿನ ಕಸ ತೆಗೆಯಲು ಹೊರಟವನ ಚಿತ್ರವನ್ನು ಯೇಸು ಕೊಟ್ಟಿದ್ದಾರೆ. ಅದನ್ನು ಓದುವುದು ಕೇಳಿ ಅಮೆರಿಕದ ಲೇಖಕ ಎಲ್ಟನ್ ಟ್ರೂಬ್ಲಡ್ ಅವರ ನಾಲ್ಕು ವರ್ಷದ ಮಗ ನಕ್ಕುಬಿಟ್ಟನಂತೆ. ಆ ನಗುವಿನಿಂದ ಶುರುವಾದ ಯೋಚನೆ ಮುಂದೆ 1964ರಲ್ಲಿ ಯೇಸುವಿನ ಹಾಸ್ಯದ ಬಗ್ಗೆ ಒಂದು ಪುಸ್ತಕವೇ ಆಯಿತು. ನಾವು ಕ್ಯಾಥೊಲಿಕರಲ್ಲ, ಆದರೂ ಪೋಪ್ ಫ್ರಾನ್ಸಿಸ್ ನೆನಪಾಗುತ್ತಾರೆ. 2024ರ ಜೂನ್ 14ರಂದು ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್‌ಗೆ ಕರೆಸಿಕೊಂಡ ಅವರು, ಪ್ರೀತಿಸುವವರ ಜೊತೆ ತಮಾಷೆ ಮಾಡುವಂತೆ ದೇವರೊಂದಿಗೂ ನಗಬಹುದು ಎಂದರು. ನಂಬಿಕೆಯುಳ್ಳವರ, ಅದರಲ್ಲೂ ಬಡವರ ಮನಸ್ಸು ನೋಯಬಾರದು ಎಂಬುದನ್ನೂ ಸೇರಿಸಿದರು. ನಾನು ಮರೆತಿದ್ದು ಆ ಎರಡನೇ ಮಾತನ್ನು.

ಕೊನೆಗೆ ಆ ಹಿರಿಯರ ಹೊಲಕ್ಕೇ ಹೋದೆ. ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ‘ತಪ್ಪಾಯ್ತು ತಾತ’ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ಬೊಗಸೆ ಕಾಯಿ ನನ್ನ ಮುಂದೆ ಸುರಿದು, ‘ಬಿಡಿಸು’ ಅಂದರು. ಆಮೇಲೆ, ‘ಆ ರಾಜನ ಹೆಸರು ನಿನ್ನ ಬಾಯಲ್ಲೂ ಸರಿಯಾಗಿ ಬರ್ಲಿಲ್ಲ ಬಿಡು’ ಅಂದರು.

ಕಿರುನಾಟಕ ನಿಲ್ಲಲಿಲ್ಲ. ಯುವಜನ ಸಂಘದಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಯಾರ ಬಗ್ಗೆ ತಮಾಷೆ ಇದೆಯೋ ಅವರಿಗೇ ಮೊದಲು ತೋರಿಸುವುದು. ಅವರು ಬೇಡವೆಂದರೆ ಬೇಡ. ಕ್ಲಾಸ್ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಯಾರದೋ ಫೋಟೊವನ್ನು ಸ್ಟಿಕ್ಕರ್ ಮಾಡುವ ಮುನ್ನ ನಾನೀಗ ಕೇಳಿಕೊಳ್ಳುವುದೂ ಇದನ್ನೇ: ನಾಳೆ ಅವನು ಎಂದಿನಂತೆ ಕ್ಲಾಸಿಗೆ ಬರುತ್ತಾನಾ?

ಮೊನ್ನೆ ಭಾನುವಾರ ತಾತ ಮತ್ತೆ ಓದಲು ನಿಂತರು. ದಾನಿಯೇಲನ ಪುಸ್ತಕವೇ ಬಂತು. ಆ ಹೆಸರಿನ ಹತ್ತಿರ ನಿಂತು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ‘ಇಂಜಿನಿಯರ್ ಸಾಹೇಬ್ರೇ, ನೀವೇ ಹೇಳಿ’ ಅಂದರು.

ಎದ್ದು ನಿಂತು ‘ನೆಬೂ... ನೆಬೂಚ...’ ಅಂದೆ. ಇಡೀ ಚರ್ಚ್ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ತಾತ. ನಕ್ಕು ಮುಗಿಸಿ, ಮುಂದಿನ ವಾಕ್ಯ ಓದಿದರು.