ಅಪ್‌ಡೇಟ್ ಆದ ಮರುದಿನ ತೆರೆಯದ ಫೋಲ್ಡರ್

ಕಡೂರಿನ ಕೊಬ್ಬರಿ ವ್ಯಾಪಾರಿಯ ಖಾತೆ, ತರೀಕೆರೆಯ ಅಡಿಕೆ ಮಂಡಿಯ ಪಟ್ಟಿ, ಅಜ್ಜಂಪುರದ ಪತ್ರ ಬರಹಗಾರರು ವರ್ಷಗಟ್ಟಲೆ ಕೂಡಿಟ್ಟುಕೊಂಡ ಕ್ರಯಪತ್ರ, ವಿಭಾಗಪತ್ರಗಳ ಮಾದರಿಗಳು, ಫೋಟೊ ಸ್ಟುಡಿಯೊದ ಮದುವೆ ಆಲ್ಬಂಗಳು. ಇವೆಲ್ಲ ಈಗ ಬೀರುವಿನಲ್ಲಿಲ್ಲ, ಒಂದೊಂದು ಫೋಲ್ಡರಿನಲ್ಲಿವೆ. ಅಂಗಡಿಯಲ್ಲಿ ಮೂರು ನಾಲ್ಕು ಕಂಪ್ಯೂಟರುಗಳಿದ್ದರೆ ಒಂದಕ್ಕೆ ‘ಮೇನ್ ಸಿಸ್ಟಮ್’ ಎಂದು ಹೆಸರು. ಫೋಲ್ಡರ್ ಇರುವುದು ಅದರಲ್ಲಿ. ಉಳಿದವು ವೈಫೈ ಮೂಲಕವೋ ಕೇಬಲ್ ಮೂಲಕವೋ ಅದನ್ನೇ ತೆರೆದು ಕೆಲಸ ಮಾಡುತ್ತವೆ. ಅಜ್ಜಂಪುರ ತರೀಕೆರೆಯಿಂದ ಬೇರ್ಪಟ್ಟು ಸ್ವಂತ ತಾಲ್ಲೂಕಾದ ಮೇಲೂ ಅಲ್ಲಿನ ಹಳ್ಳಿಗಳ ಹಳೆಯ ಪತ್ರಗಳಲ್ಲಿ ತರೀಕೆರೆ ತಾಲ್ಲೂಕಿನ ಹೆಸರೇ ಇದೆ. ಹೊಸ ಪತ್ರ ಬರೆಯುವಾಗ ಹಳೆಯದನ್ನು ತೆರೆದು ನೋಡದೆ ನಡೆಯುವುದಿಲ್ಲ. ಆ ಫೋಲ್ಡರ್ ತೆರೆಯದಿದ್ದರೆ ಅಂದಿನ ಕೆಲಸ ನಿಂತಂತೆಯೇ.

ವಿಂಡೋಸ್ ಅಪ್‌ಡೇಟ್ ಆದ ಮರುದಿನ ಇಂಥ ಫೋಲ್ಡರುಗಳು ತೆರೆಯದೆ ಹೋಗುವುದು ಇತ್ತೀಚೆಗೆ ಸಾಮಾನ್ಯವಾಗಿದೆ. ಒಮ್ಮೆ ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಎಂಬ ಅರ್ಥದ ಸಂದೇಶ, ಜೊತೆಗೆ 80070035 ಎಂಬ ದೋಷಸಂಖ್ಯೆ. ಇನ್ನೊಮ್ಮೆ ಹೆಸರು, ಪಾಸ್‌ವರ್ಡ್ ಕೇಳುವ ಕಿಟಕಿ. ಏನು ಕೊಟ್ಟರೂ ಮತ್ತೆ ಅದೇ ಕಿಟಕಿ. ಮೂರನೆಯದು ಹೆಚ್ಚು ಗಾಬರಿ ಹುಟ್ಟಿಸುವ ಸಂದೇಶ. ನಿಮ್ಮ ಸಂಸ್ಥೆಯ ಭದ್ರತಾ ನೀತಿಗಳು ಗುರುತು ಹೇಳದ ಅತಿಥಿಗಳ ಪ್ರವೇಶವನ್ನು ತಡೆದಿವೆ ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತದೆ. ಗಂಡ ಹೆಂಡತಿ ಇಬ್ಬರೇ ನಡೆಸುವ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಯಾವ ಸಂಸ್ಥೆ, ಯಾವ ನೀತಿ? ಯಾರೋ ಕಂಪ್ಯೂಟರಿನೊಳಗೆ ಕೈಯಾಡಿಸಿದ್ದಾರೆ ಎಂದು ಅವರು ಹೆದರಿದರೆ ತಪ್ಪು ಅವರದಲ್ಲ.

ನೀತಿ ಬಂದದ್ದು ಮೈಕ್ರೋಸಾಫ್ಟ್‌ನಿಂದ. 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11ರ ‘24ಎಚ್2’ ಆವೃತ್ತಿಯಲ್ಲಿ ಫೋಲ್ಡರ್ ಹಂಚಿಕೆಯ ನಿಯಮಗಳು ಬಿಗಿಯಾದವು. ಮುಖ್ಯವಾದವು ಎರಡು. ವಿಂಡೋಸ್ ಪ್ರೊ ಇರುವ ಕಂಪ್ಯೂಟರ್ ಇನ್ನು ಮುಂದೆ ‘ಗೆಸ್ಟ್’ ಆಗಿ, ಅಂದರೆ ಹೆಸರು ಪಾಸ್‌ವರ್ಡ್ ಹೇಳದೆ, ಇನ್ನೊಂದರ ಫೋಲ್ಡರಿಗೆ ಹೋಗುವುದಿಲ್ಲ. ಎರಡನೆಯದಾಗಿ, ಅಲ್ಲಿ ಓಡಾಡುವ ಪ್ರತಿಯೊಂದು ಸಂದೇಶಕ್ಕೂ ಡಿಜಿಟಲ್ ಸಹಿ ಇರಲೇಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದರಿಂದ ಅದುವರೆಗೆ ಹಳೆಯದರಲ್ಲೇ ಉಳಿದಿದ್ದ ಅಂಗಡಿಗಳೂ 11ಕ್ಕೆ ಬರಬೇಕಾಯಿತು. ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳುವುದಕ್ಕೇ ಜನರಿರುತ್ತಾರೆ. ತಾಲ್ಲೂಕು ಕೇಂದ್ರಗಳಲ್ಲಿ ಪೆಟ್ಟು ಬಿದ್ದ ಮೇಲೆಯೇ ವಿಷಯ ತಿಳಿಯುವುದು.

ನಮ್ಮ ಕಡೆ ಫೋಲ್ಡರ್ ಶೇರ್ ಮಾಡುವ ರೂಢಿ ಹೇಗಿತ್ತೆಂದು ಎಲ್ಲರಿಗೂ ಗೊತ್ತು. ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡುವುದು, ಫೋಲ್ಡರಿಗೆ ‘ಎವ್ರಿವನ್’ ಎಂದು ಹಾಕುವುದು, ‘ಫುಲ್ ಕಂಟ್ರೋಲ್’ ಕೊಡುವುದು. ಐದು ನಿಮಿಷದ ಕೆಲಸ. ಹಾಗೆ ಮಾಡಿದಾಗ ಬಂದವರೆಲ್ಲ ಗೆಸ್ಟ್. ವರ್ಷಗಟ್ಟಲೆ ಅದು ನಡೆದೂ ನಡೆಯಿತು. ಹೊಸ ನಿಯಮ ನಿಲ್ಲಿಸಿದ್ದು ಇದನ್ನೇ. ಗೆಸ್ಟ್ ಮತ್ತು ಸಹಿ ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ ಎಂಬುದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಸಹಿ ಹಾಕಲು ಒಂದು ಗುಪ್ತ ಕೀಲಿ ಬೇಕು, ಆ ಕೀಲಿ ಹುಟ್ಟುವುದು ಬಳಕೆದಾರರ ಪಾಸ್‌ವರ್ಡ್‌ನಿಂದ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲ, ಆದ್ದರಿಂದ ಕೀಲಿ ಇಲ್ಲ, ಆದ್ದರಿಂದ ಸಹಿಯೂ ಇಲ್ಲ. ಮಂಡಿಯಿಂದ ಹೊರಡುವ ಅಡಿಕೆ ಮೂಟೆಯ ಬಾಯಿಗೆ ಹೊಲಿಗೆ ಹಾಕಿ ಮಾರ್ಕು ಬರೆಯುವುದು ಯಾಕೆ? ದಾರಿಯಲ್ಲಿ ಯಾರಾದರೂ ಬಿಚ್ಚಿ ಮಾಲು ಬದಲಿಸಿದರೆ ಗೊತ್ತಾಗಲೆಂದು. ಈ ಡಿಜಿಟಲ್ ಸಹಿಯ ಕೆಲಸವೂ ಅಷ್ಟೇ.

ಇಷ್ಟು ಬಿಗಿ ಏಕೆ ಬೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫೋಲ್ಡರ್ ಹಂಚಿಕೆಯ ಹಿಂದಿರುವ ‘ಎಸ್‌ಎಂಬಿ’ ಎಂಬ ಕಟ್ಟಳೆಯನ್ನು 1983ರಲ್ಲಿ ಐಬಿಎಂನ ಬ್ಯಾರಿ ಫೀಗನ್‌ಬಾಮ್ ರೂಪಿಸಿದರು. ಒಂದೇ ಕಚೇರಿಯ ಕೆಲವು ಯಂತ್ರಗಳು, ಒಬ್ಬರಿಗೊಬ್ಬರು ಗೊತ್ತಿರುವ ಜನ, ಅದು ಆ ಕಾಲದ ಲೆಕ್ಕಾಚಾರ. ಅದರ ಮೊದಲ ರೂಪ ಮೂವತ್ತು ವರ್ಷ ದಾಟಿದರೂ ವಿಂಡೋಸ್‌ನಲ್ಲಿ ಉಳಿದುಕೊಂಡಿತು. ಅದರಲ್ಲಿದ್ದ ಒಂದು ಬಿರುಕನ್ನು ಬಳಸಿಕೊಳ್ಳುವ ‘ಎಟರ್ನಲ್‌ಬ್ಲೂ’ ಎಂಬ ಅಸ್ತ್ರ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕೈಯಿಂದ ಸೋರಿ 2017ರ ಏಪ್ರಿಲ್‌ನಲ್ಲಿ ಬಹಿರಂಗವಾಯಿತು. ಮೇ 12ರಂದು ‘ವನ್ನಾಕ್ರೈ’ ಬಂತು. ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ತೆಗೆಯಲು ಬಿಟ್‌ಕಾಯಿನ್‌ನಲ್ಲಿ 300 ಡಾಲರ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೆ ನಮ್ಮ ಪಕ್ಕದ ವಯನಾಡಿನ ಒಂದು ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳೂ ಅಂದು ಸಿಕ್ಕಿಬಿದ್ದಿದ್ದನ್ನು ನಾವು ನೆನಪಿಡಬೇಕು. ಬಿರುಕು ಮುಚ್ಚುವ ಅಪ್‌ಡೇಟ್ ಅದಕ್ಕೆ ಎರಡು ತಿಂಗಳ ಮೊದಲೇ, ಮಾರ್ಚ್ 14ಕ್ಕೆ, ಬಂದಿತ್ತು. ಹಾಕಿಕೊಳ್ಳದವರು ಬಲಿಯಾದರು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿಯ ಮೊದಲ ರೂಪ ತಾನಾಗಿ ಬರುವುದು ನಿಂತಿತು.

ಹೀಗಿರುವಾಗ ನಮ್ಮ ಊರುಗಳಲ್ಲಿ ಈ ತೊಂದರೆಗೆ ಸಾಮಾನ್ಯವಾಗಿ ಸಿಗುವ ಪರಿಹಾರ ನನಗೆ ಬಹಳ ಕಳವಳ ತರುತ್ತದೆ. ಯೂಟ್ಯೂಬ್ ವಿಡಿಯೊ ನೋಡಿಯೋ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಣ್ಣ ಫೈಲ್ ಒತ್ತಿಯೋ ಎಸ್‌ಎಂಬಿ 1ನ್ನು ಮತ್ತೆ ಜೀವಂತ ಮಾಡುತ್ತಾರೆ. ‘ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್’ ಆನ್ ಮಾಡುತ್ತಾರೆ. ಹೆಸರಿನಲ್ಲೇ ಅಭದ್ರವೆಂದು ಬರೆದಿದೆ. ಕೊನೆಗೆ ಫೈರ್‌ವಾಲ್ ಆಫ್ ಮಾಡಿ, ಅಪ್‌ಡೇಟನ್ನೂ ತೆಗೆದುಹಾಕುತ್ತಾರೆ. ಫೋಲ್ಡರ್ ತೆರೆಯುತ್ತದೆ, ಗಿರಾಕಿ ದುಡ್ಡು ಕೊಡುತ್ತಾರೆ. ಆದರೆ ಆ ಅಂಗಡಿಯಲ್ಲಿರುವುದು ಬರಿಯ ಫೈಲುಗಳಲ್ಲ. ಊರಿನ ಅರ್ಧ ಜನರ ಆಧಾರ್ ಪ್ರತಿ, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ ಅಲ್ಲಿವೆ. ಪೆನ್‌ಡ್ರೈವ್ ಹಿಡಿದು ಪ್ರಿಂಟ್ ತೆಗೆಸಲು ಬರುವ ಪ್ರತಿಯೊಬ್ಬರ ಜೊತೆಗೂ ವೈರಸ್ ಬರಬಹುದು. ಎವ್ರಿವನ್, ಫುಲ್ ಕಂಟ್ರೋಲ್ ಎಂದು ಬಿಟ್ಟ ಫೋಲ್ಡರನ್ನು ಅದು ಯಾರ ಅಪ್ಪಣೆಯೂ ಇಲ್ಲದೆ ತಿಂದುಹಾಕಬಲ್ಲದು.

ರಿಪೇರಿಯವರನ್ನು ದೂರುವ ಉದ್ದೇಶ ನನಗಿಲ್ಲ. ಬೀರೂರಿನಲ್ಲಿ ರೈಲಿಳಿದು ಒಂದು ಕಡೆ ಅಜ್ಜಂಪುರ, ಇನ್ನೊಂದು ಕಡೆ ತರೀಕೆರೆ ಎಂದು ಬ್ಯಾಗು ಹೊತ್ತು ಸುತ್ತುವವರಿಗೆ ಒಂದೊಂದು ಅಂಗಡಿಯಲ್ಲಿ ಸಿಗುವ ಸಮಯ ಅಷ್ಟಕ್ಕಷ್ಟೆ. ‘ಅಣ್ಣಾ, ಹೆಂಗಾದ್ರೂ ಮಾಡಿ ಓಪನ್ ಮಾಡ್ಕೊಡಿ, ಪಾರ್ಟಿ ಕಾಯ್ತಾ ಕೂತವ್ರೆ’ ಎಂಬ ಒತ್ತಡ ಬೇರೆ. ಆದರೂ ಸರಿಯಾದ ದಾರಿಗೆ ಹಿಡಿಯುವುದು ಹೆಚ್ಚೆಂದರೆ ಇನ್ನರ್ಧ ಗಂಟೆ.

ಮೊದಲು ತಿಳಿಯಬೇಕಾದದ್ದು, ದಾರಿ ಸಿಗುತ್ತಿಲ್ಲವೋ ಬಾಗಿಲು ತೆರೆಯುತ್ತಿಲ್ಲವೋ ಎಂಬುದು. ಮೇನ್ ಸಿಸ್ಟಮ್‌ನ ಹೆಸರಿನ ಬದಲು ಅದರ ಐಪಿ ವಿಳಾಸವನ್ನು, ಮುಂದೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಟೈಪ್ ಮಾಡಿ ನೋಡಬೇಕು. ವಿಳಾಸಕ್ಕೆ ತೆರೆದು ಹೆಸರಿಗೆ ತೆರೆಯದಿದ್ದರೆ ಹೆಸರು ಹುಡುಕುವ ವ್ಯವಸ್ಥೆಯಲ್ಲಿ ದೋಷ. ಹೊಸ ಆವೃತ್ತಿಯಲ್ಲಿ ಫೋಲ್ಡರ್ ಶೇರ್ ಮಾಡಿದಾಗ ಹಳೆಯ ‘ನೆಟ್‌ಬಯೋಸ್’ ಬಾಗಿಲುಗಳು ಫೈರ್‌ವಾಲ್‌ನಲ್ಲಿ ತಾನಾಗಿ ತೆರೆಯುವುದಿಲ್ಲ. ಇನ್ನು ಕರೆಂಟು ಹೋಗಿ ಬಂದಾಗ ರೂಟರ್ ಹೊಸ ವಿಳಾಸ ಹಂಚಿರಬಹುದು. ನಮ್ಮ ಕಡೆ ಅಪ್‌ಡೇಟ್ ಮೇಲೆ ಹೊರಿಸುವ ತಪ್ಪುಗಳಲ್ಲಿ ಕೆಲವು ಈ ಕರೆಂಟಿನವು. ರೂಟರಿನಲ್ಲಿ ಮೇನ್ ಸಿಸ್ಟಮ್‌ಗೆ ಒಂದು ವಿಳಾಸವನ್ನು ಕಾಯಂ ಮಾಡಿಸಿಬಿಡುವುದು ಒಳ್ಳೆಯದು. ನೆಟ್‌ವರ್ಕ್ ‘ಪಬ್ಲಿಕ್’ ಆಗಿದ್ದರೆ ‘ಪ್ರೈವೇಟ್’ ಮಾಡಬೇಕು. ಪಬ್ಲಿಕ್ ಎಂದರೆ ಅದು ಬಸ್‌ಸ್ಟ್ಯಾಂಡ್ ವೈಫೈ ಎಂದೇ ವಿಂಡೋಸ್ ತಿಳಿಯುತ್ತದೆ.

ದಾರಿ ಸರಿಯಿದ್ದರೆ ಬಾಗಿಲಿಗೆ ಬರಬೇಕು. ಮೇನ್ ಸಿಸ್ಟಮ್‌ನಲ್ಲಿ ಫೋಲ್ಡರಿಗೆಂದೇ ಹೊಸ ಬಳಕೆದಾರರ ಖಾತೆಯೊಂದನ್ನು ತೆರೆಯಿರಿ. ಅದು ಆ ಯಂತ್ರದ್ದೇ ‘ಲೋಕಲ್’ ಖಾತೆಯಾಗಿರಲಿ, ಇಮೇಲ್‌ಗೆ ಸೇರಿದ್ದು ಬೇಡ, ಅಡ್ಮಿನಿಸ್ಟ್ರೇಟರ್ ಅಧಿಕಾರವೂ ಬೇಡ. ಪಾಸ್‌ವರ್ಡ್ ಇರಲೇಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಎಕ್ಸ್‌ಪಿ ಕಾಲದಿಂದಲೂ ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಕಂಪ್ಯೂಟರ್ ಆನ್ ಮಾಡುವಾಗ ಒತ್ತುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಆ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಕಿಟಕಿ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತಿದೆ ಎನ್ನುವ ಎಷ್ಟೋ ಕಡೆ ಜನ ಕೊಡುತ್ತಿರುವುದು ಪಿನ್.

ಆಮೇಲೆ ಫೋಲ್ಡರಿನ ಅನುಮತಿ. ಇದನ್ನು ಎರಡು ಕಡೆ ಕೊಡಬೇಕು ಎಂಬುದು ಬಹಳ ಜನರಿಗೆ ತಪ್ಪಿಹೋಗುತ್ತದೆ. ‘ಶೇರಿಂಗ್’ ಎಂಬಲ್ಲಿ ಒಂದು, ‘ಸೆಕ್ಯುರಿಟಿ’ ಎಂಬಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಎವ್ರಿವನ್ ತೆಗೆದು, ಹೊಸ ಖಾತೆಯನ್ನು ಎರಡೂ ಕಡೆ ಸೇರಿಸಿ, ಓದುವ ಮತ್ತು ಬರೆಯುವ ಅಧಿಕಾರ ಕೊಡಿ. ಟ್ಯಾಲಿಯಂಥ ತಂತ್ರಾಂಶದ ಡೇಟಾ ಆಗಿದ್ದರೆ ಬರೆಯುವ ಅಧಿಕಾರ ಬೇಕೇಬೇಕು. ಹಳೆಯ ಪತ್ರಗಳ ಫೋಲ್ಡರಾದರೆ ಓದಲಷ್ಟೇ ಕೊಟ್ಟರೂ ಸಾಕು, ಅಳಿಸಿಹೋಗುವ ಭಯ ತಪ್ಪುತ್ತದೆ. ಕೊನೆಗೆ ಉಳಿದ ಕಂಪ್ಯೂಟರುಗಳ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ ತೆರೆದು ಮೇನ್ ಸಿಸ್ಟಮ್‌ನ ಹಳೆಯ ದಾಖಲೆ ಅಳಿಸಿ ಹೊಸದನ್ನು ಸೇರಿಸಬೇಕು. ಬಳಕೆದಾರರ ಹೆಸರಿಗಿಂತ ಮೊದಲು ಮೇನ್ ಸಿಸ್ಟಮ್‌ನ ಹೆಸರು ಮತ್ತು ಒಂದು ಬ್ಯಾಕ್‌ಸ್ಲ್ಯಾಶ್ ಇರಲಿ. ಒಮ್ಮೆ ಹೀಗೆ ಮಾಡಿದರೆ ದಿನಾ ಪಾಸ್‌ವರ್ಡ್ ಹೊಡೆಯುವ ಕಷ್ಟವಿಲ್ಲ. ಗೆಸ್ಟ್ ಕಾಲದ ಸಲೀಸು ಉಳಿಯುತ್ತದೆ, ಅಪಾಯ ಹೋಗುತ್ತದೆ. 24ಎಚ್2ನಲ್ಲಿ ತಪ್ಪು ಪಾಸ್‌ವರ್ಡ್ ಕೊಟ್ಟಾಗಲೆಲ್ಲ ಎರಡು ಸೆಕೆಂಡ್ ಕಾಯಿಸುವ ಏರ್ಪಾಡೂ ಇದೆ. ಐದು ನಿಮಿಷದಲ್ಲಿ 90,000 ಪಾಸ್‌ವರ್ಡ್ ಪ್ರಯತ್ನಿಸುತ್ತಿದ್ದ ಕಳ್ಳ ತಂತ್ರಾಂಶಕ್ಕೆ ಈಗ ಅಷ್ಟಕ್ಕೇ 50 ಗಂಟೆ ಬೇಕು. ಆದರೆ 1234 ಎಂದು ಇಟ್ಟವರಿಗೆ ಈ ರಕ್ಷಣೆ ಸಿಗದು.

ಇಷ್ಟೆಲ್ಲ ಮಾಡಿದರೂ ಬಗ್ಗದ ಒಂದು ಬಗೆಯ ತೊಂದರೆ ಇದೆ. ಅದು ಸಣ್ಣ ಊರುಗಳನ್ನು ಹೆಚ್ಚು ಕಾಡುವಂಥದ್ದು. ಒಂದು ಕಂಪ್ಯೂಟರಿಗೆ ವಿಂಡೋಸ್, ಟ್ಯಾಲಿ, ನುಡಿ ಎಲ್ಲ ಹಾಕಿ, ಅದರ ಡಿಸ್ಕನ್ನೇ ನಕಲು ಮಾಡಿ ಉಳಿದವುಗಳಿಗೆ ಇಳಿಸುವುದು ರೂಢಿ. ಪ್ರತಿ ವಿಂಡೋಸ್‌ಗೂ ಒಂದು ಒಳಗುರುತಿನ ಸಂಖ್ಯೆ ಇರುತ್ತದೆ. ಹೀಗೆ ನಕಲು ಮಾಡಿದಾಗ ಎಲ್ಲ ಯಂತ್ರಗಳಿಗೂ ಅದೇ ಸಂಖ್ಯೆ ಬಂದುಬಿಡುತ್ತದೆ. ಮೊದಲು ಇದನ್ನು ವಿಂಡೋಸ್ ಸಹಿಸಿಕೊಳ್ಳುತ್ತಿತ್ತು. 2025ರ ಆಗಸ್ಟ್ 29ರಿಂದ ಬಂದ ಅಪ್‌ಡೇಟ್‌ಗಳ ನಂತರ ಒಂದೇ ಸಂಖ್ಯೆಯ ಯಂತ್ರಗಳು ಒಂದನ್ನೊಂದು ಒಳಗೆ ಬಿಡುತ್ತಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ತಪ್ಪೆಂದೇ ಹೇಳುತ್ತವೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಹೂಆಮ್‌ಐ’ ಆದೇಶಕ್ಕೆ ಒಂದು ಸ್ಲ್ಯಾಶ್ ಹಾಕಿ ‘ಯೂಸರ್’ ಸೇರಿಸಿ ಕೊಟ್ಟರೆ ಆ ಉದ್ದ ಸಂಖ್ಯೆ ಕಾಣುತ್ತದೆ. ಕೊನೆಯ ತುಂಡು ಬಿಟ್ಟು ಉಳಿದದ್ದು ಎರಡು ಯಂತ್ರಗಳಲ್ಲಿ ಒಂದೇ ಇದ್ದರೆ ಕಾರಣ ಸಿಕ್ಕಿತು. ಒಂದರಲ್ಲಿ ವಿಂಡೋಸನ್ನು ಹೊಸದಾಗಿ ಹಾಕುವುದೇ ನೇರ ಪರಿಹಾರ. ಇನ್ನು ಮುಂದೆ ನಕಲು ಮಾಡುವವರು ವಿಂಡೋಸ್‌ನಲ್ಲೇ ಇರುವ ‘ಸಿಸ್‌ಪ್ರೆಪ್’ ಓಡಿಸಿ ಆಮೇಲೆ ನಕಲು ತೆಗೆಯಬೇಕು. ಹೊಸ ಕಂಪ್ಯೂಟರುಗಳನ್ನು ಒಟ್ಟಿಗೆ ಕೊಳ್ಳುವಾಗ ಗಿರಾಕಿಯೇ ಇದನ್ನು ಕೇಳಿ ಖಚಿತಪಡಿಸಿಕೊಳ್ಳಲಿ.

ಪೇಜ್‌ಮೇಕರ್‌ಗಾಗಿ ಎಕ್ಸ್‌ಪಿ ಯಂತ್ರವೊಂದನ್ನು ಉಳಿಸಿಕೊಂಡ ಪ್ರೆಸ್ಸಿನವರ ಸ್ಥಿತಿ ಬೇರೆ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಮಾತ್ರ. ಅದೊಂದಕ್ಕಾಗಿ ಇಡೀ ಅಂಗಡಿಯಲ್ಲಿ ಹಳೆಯ ಬಾಗಿಲು ತೆರೆದಿಡುವುದು ಬೇಡ. ಅದನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸುವುದು ವಾಸಿ. ವಿಂಡೋಸ್ 7 ಇದ್ದರೆ ಅದು ಮುಂದಿನ ಎಸ್‌ಎಂಬಿಯನ್ನು ಬಲ್ಲದು, ಹೆಸರು ಪಾಸ್‌ವರ್ಡ್ ಕೊಟ್ಟರೆ ಹೊಸದರೊಂದಿಗೆ ಹೊಂದಿಕೊಳ್ಳುತ್ತದೆ. ಆದರೆ ಅದಕ್ಕೂ 2020ರ ಜನವರಿಗೇ ಬೆಂಬಲ ನಿಂತಿದೆ.

ಅಪ್‌ಡೇಟ್ ಎಂದೂ ತಪ್ಪೇ ಮಾಡುವುದಿಲ್ಲ ಎಂದಲ್ಲ. 2021ರ ಸೆಪ್ಟೆಂಬರಿನಲ್ಲಿ ಒಂದು ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರ್ ಉಳಿದವುಗಳಿಗೆ ಸಿಗದೆ ಹೋದದ್ದು ಅನೇಕರಿಗೆ ನೆನಪಿರಬಹುದು. ಆದ್ದರಿಂದ ಎಲ್ಲ ಯಂತ್ರಗಳನ್ನೂ ಒಂದೇ ರಾತ್ರಿ ಅಪ್‌ಡೇಟ್‌ಗೆ ಒಡ್ಡುವುದು ಬೇಡ. ಮೈಕ್ರೋಸಾಫ್ಟ್‌ನ ಮಾಸಿಕ ಭದ್ರತಾ ಅಪ್‌ಡೇಟ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ನಮಗೆ ತಲುಪುವಾಗ ಆ ರಾತ್ರಿ ಅಥವಾ ಬುಧವಾರ. ಸೆಟ್ಟಿಂಗ್ಸ್‌ನಲ್ಲಿ ‘ಪಾಜ್ ಅಪ್‌ಡೇಟ್ಸ್’ ಒತ್ತಿ ಕೆಲವು ವಾರ ಮುಂದೂಡಬಹುದು. ಮೇನ್ ಸಿಸ್ಟಮ್ ಮತ್ತು ಮುಖ್ಯ ಕೆಲಸದ ಯಂತ್ರಗಳಿಗೆ ಒಂದು ವಾರ ಮುಂದೂಡಿ, ಕಡಿಮೆ ಬಳಸುವ ಒಂದಕ್ಕೆ ಮಾತ್ರ ಮೊದಲು ಹಾಕಿ. ಅದರಿಂದ ಫೋಲ್ಡರ್ ತೆರೆಯುತ್ತದೆಯೇ, ಟ್ಯಾಲಿಯಲ್ಲಿ ಒಂದು ವೋಚರ್ ಉಳಿಯುತ್ತದೆಯೇ, ಪ್ರಿಂಟ್ ಬರುತ್ತದೆಯೇ ನೋಡಿ. ಇಡೀ ಫೋಲ್ಡರಿನ ಒಂದು ಪ್ರತಿಯನ್ನು ಬೇರೆ ಹಾರ್ಡ್ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿಟ್ಟ ಮೇಲೆ ಉಳಿದವುಗಳಿಗೂ ಹಾಕಿ. ಮಾರ್ಚ್ ಕೊನೆಯ ವಾರದಲ್ಲಿ, ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ, ಈ ಕೆಲಸಕ್ಕೆ ಕೈ ಹಾಕಬೇಡಿ; ಏಪ್ರಿಲ್ ಮೊದಲ ಭಾನುವಾರಕ್ಕೆ ಇಟ್ಟುಕೊಳ್ಳಿ.